ಕಾವು ಕೂರುವ ಕೋಳಿಯ ಪರವಾಗಿ

ಜವಾರಿ ಕೋಳಿಯ ಮೇಲೆ ಹೊರಿಸಿದ ಆರೋಪಗಳು ಹಳೆಯವು, ಎಲ್ಲರಿಗೂ ಬಾಯಿಪಾಠವಾದವು. ವರ್ಷಕ್ಕೆ ಅರವತ್ತು ತತ್ತಿ ಇಟ್ಟರೆ ಹೆಚ್ಚು. ಹನ್ನೆರಡೋ ಹದಿನೈದೋ ಇಟ್ಟ ಕೂಡಲೇ ಕಾವಿಗೆ ಕೂತು ಮೂರು ವಾರ ಏಳುವುದಿಲ್ಲ. ಒಂದೂವರೆ ಕಿಲೋ ತೂಗಬೇಕಾದರೆ ಐದಾರು ತಿಂಗಳು ಬೇಕು. ಅದು ಯಾವ ತಳಿ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಹಾಗಾಗಿ ಹಿತ್ತಿಲಲ್ಲಿ ಕೋಳಿ ಸಾಕುವವರು ಅದನ್ನು ಕೈಬಿಟ್ಟು ಸುಧಾರಿತ ತಳಿಗೆ ಬದಲಾಗಬೇಕು. ಕೃಷಿಮೇಳದ ಮಳಿಗೆಯಲ್ಲಿ, ಸ್ವಸಹಾಯ ಸಂಘದ ತರಬೇತಿಯಲ್ಲಿ, ಯೂಟ್ಯೂಬಿನ ಯಶೋಗಾಥೆಗಳಲ್ಲಿ ಕೇಳಿಬರುವುದು ಇದೇ ಮಾತು. ಹೇಳುವವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಮಾತು ತಪ್ಪು, ಬುಡದಿಂದಲೇ ತಪ್ಪು. ಈ ತಪ್ಪಿನಿಂದ ನಾವು ಕಳೆದುಕೊಳ್ಳುತ್ತಿರುವುದನ್ನು ಆಮೇಲೆ ಯಾವ ಹ್ಯಾಚರಿಯಿಂದಲೂ ಕೊಂಡು ತರಲಾಗುವುದಿಲ್ಲ.

ನಾನು ಇದನ್ನು ಬರೆಯುತ್ತಿರುವುದು ದಾವಣಗೆರೆಯ ಆನೆಕೊಂಡವನ್ನು ಮನಸ್ಸಿನಲ್ಲಿಟ್ಟುಕೊಂಡು. ಹಳೆಯ ಈಶ್ವರ ಗುಡಿಯ, ಶ್ರಾವಣದ ಬಸವೇಶ್ವರ ಕಾರ್ಣಿಕದ ಆನೆಕೊಂಡ ಒಂದು ಕಾಲಕ್ಕೆ ತನ್ನದೇ ಹೊಲ, ಕಣ, ತಿಪ್ಪೆ ಇದ್ದ ಊರು. ಈಗ ನಗರದ ಒಡಲೊಳಗಿದೆ. ಆದರೂ ಇಲ್ಲಿಂದ ಬೇತೂರು, ಕಕ್ಕರಗೊಳ್ಳ, ಆವರಗೊಳ್ಳದ ಕಡೆಗೆ, ಹರಿಹರದ ದಾರಿಯಲ್ಲಿ ಬಾತಿಯ ಕಡೆಗೆ ಹೊರಟರೆ ಮನೆ ಮುಂದೆ ಕೆದಕುತ್ತ ತಿರುಗುವ ಕೋಳಿಗಳು ಇನ್ನೂ ಕಾಣುತ್ತವೆ. ಅಕ್ಕಿ ಗಿರಣಿಗಳ ನುಚ್ಚು, ತೌಡು, ಮೆಕ್ಕೆಜೋಳದ ಕಣದಲ್ಲಿ ಉದುರಿದ ಕಾಳು, ಸಗಣಿ ತಿಪ್ಪೆಯ ಹುಳ, ಅಡುಗೆಮನೆಯ ಮುಸುರೆ: ಇವು ಅವುಗಳ ಮೇವು. ಯಾರೂ ಕೊಂಡು ತಂದದ್ದಲ್ಲ. ಈ ಕೋಳಿಯ ಅರ್ಥಶಾಸ್ತ್ರ ಶುರುವಾಗುವುದೇ ಇಲ್ಲಿಂದ, ಆದರೆ ಅದನ್ನು ಅಳೆಯಲು ನಾವು ಹಿಡಿದಿರುವುದು ಪಂಜರದ ಕೋಳಿಯ ಅಳತೆಗೋಲು.

ಆ ಅಳತೆಗೋಲನ್ನೇ ಮೊದಲು ನೋಡೋಣ. ಫಾರಂನ ಮೊಟ್ಟೆಕೋಳಿ ವರ್ಷಕ್ಕೆ ಮುನ್ನೂರಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ನಿಜ. ಅದಕ್ಕಾಗಿ ದಿನಕ್ಕೆ ನೂರು ಗ್ರಾಂ ಮೀರಿದ ತೂಕದ ಆಹಾರ ತಿನ್ನುತ್ತದೆ, ವರ್ಷಕ್ಕೆ ನಲವತ್ತು ಕಿಲೋ ದಾಟುತ್ತದೆ. ಆ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮೆಕ್ಕೆಜೋಳ, ಉಳಿದದ್ದು ಸೋಯಾ ಹಿಂಡಿ, ಖನಿಜ, ಔಷಧ. ಆ ಮೊಟ್ಟೆಗಳಿಂದ ಒಂದೂ ಮರಿ ಬರುವುದಿಲ್ಲ, ಬರಬೇಕೆಂದು ಅದನ್ನು ಸೃಷ್ಟಿಸಿಯೂ ಇಲ್ಲ. ಕಾವು ಕೂರುವ ಗುಣವನ್ನು ಅದರ ರಕ್ತದಿಂದ ತಲೆಮಾರುಗಳ ಆಯ್ಕೆಯ ಮೂಲಕ ತೆಗೆದುಹಾಕಲಾಗಿದೆ, ಏಕೆಂದರೆ ಕಾವಿಗೆ ಕೂತ ಕೋಳಿ ಮೊಟ್ಟೆ ನಿಲ್ಲಿಸುತ್ತದೆ. ಪೇಟೆಗೆ ಅಗ್ಗದ ಮೊಟ್ಟೆ ಒದಗಿಸುವುದು ಅದರ ಕೆಲಸ, ಅದನ್ನು ಅದು ಚೆನ್ನಾಗಿಯೇ ಮಾಡುತ್ತಿದೆ. ಒಬ್ಬರಿಗೆ ವರ್ಷಕ್ಕೆ 180 ಮೊಟ್ಟೆ ಬೇಕು ಎನ್ನುವ ಪೌಷ್ಟಿಕ ಆಹಾರ ತಜ್ಞರ ಗುರಿಯನ್ನು ಹಿತ್ತಿಲ ಕೋಳಿಯಿಂದ ಮುಟ್ಟಬಹುದು ಎಂದು ನಾನು ವಾದಿಸುವುದಿಲ್ಲ. ಶಾಲೆಯ ಬಿಸಿಯೂಟದ ಮೊಟ್ಟೆ ಫಾರಂನಿಂದಲೇ ಬರಲಿ.

ಜವಾರಿ ಹ್ಯಾಟೆಯ ಕೆಲಸ ಬೇರೆ. ಅದು ಕೊಡುವುದು ಮೊಟ್ಟೆಯನ್ನಲ್ಲ, ಮುಂದಿನ ತಲೆಮಾರನ್ನು. ಹನ್ನೆರಡರಿಂದ ಹದಿನೈದು ತತ್ತಿ ಇಡುತ್ತದೆ, 21 ದಿನ ಕಾವು ಕೊಡುತ್ತದೆ, ಮರಿ ಹೊರಬಂದ ಮೇಲೆ ಎರಡು ತಿಂಗಳಿಗೂ ಹೆಚ್ಚು ಕಾಲ ಅವನ್ನು ರೆಕ್ಕೆಯಡಿ ಇಟ್ಟುಕೊಂಡು ತಿರುಗಿಸುತ್ತದೆ. ಹದ್ದು ಬಂದರೆ ಕೂಗಿ ಅಡಗಿಸುತ್ತದೆ, ಮುಂಗುಸಿ ಬಂದರೆ ಎದುರು ಬೀಳುತ್ತದೆ, ಯಾವುದು ತಿನ್ನುವುದು ಯಾವುದು ಬಿಡುವುದು ಎಂದು ಕೆದಕಿ ತೋರಿಸುತ್ತದೆ. ಮೊಟ್ಟೆ, ಕಾವು, ಸಾಕಣೆ ಎಲ್ಲ ಸೇರಿ ಒಂದು ಸುತ್ತು ಮುಗಿಯಲು ಸುಮಾರು ನಾಲ್ಕು ತಿಂಗಳು, ವರ್ಷಕ್ಕೆ ಮೂರು ಸುತ್ತು. ಸುತ್ತಿಗೆ ಹನ್ನೆರಡು ತತ್ತಿ ಕಾವಿಗಿಟ್ಟು ಹತ್ತು ಒಡೆದರೂ ವರ್ಷಕ್ಕೆ ಮೂವತ್ತು ಮರಿ. ಅರ್ಧ ಸತ್ತುಹೋದರೂ ಹದಿನೈದು ಕೋಳಿ ಬೆಳೆದು ನಿಲ್ಲುತ್ತವೆ. ಒಂದು ತಾಯಿಯಿಂದ ಹದಿನೈದು. ಕರೆಂಟಿನ ಇನ್‌ಕ್ಯುಬೇಟರ್ ಇಲ್ಲ, ಬ್ರೂಡರ್ ಬಲ್ಬ್ ಇಲ್ಲ, ಮರಿ ತರಲು ಬಸ್ಸಿನ ಖರ್ಚಿಲ್ಲ. ಪೇಟೆಯಲ್ಲಿ ಜವಾರಿ ಹುಂಜಕ್ಕೆ ಬ್ರಾಯ್ಲರ್‌ಗಿಂತ ಎರಡು ಪಟ್ಟು, ಹಬ್ಬದ ಹೊತ್ತಿಗೆ ಅದಕ್ಕೂ ಮೇಲೆ ಬೆಲೆ. ಇಷ್ಟೆಲ್ಲ ಕೆಲಸ ಮಾಡುವ ಪ್ರಾಣಿಯನ್ನು ತತ್ತಿ ಎಣಿಸಿ ಅನುತ್ಪಾದಕ ಎಂದು ಬರೆದಿಡುವುದು ಲೆಕ್ಕವಲ್ಲ. ಕಾವಿಗೆ ಕೂತ ಮೂರು ವಾರವನ್ನು ನಷ್ಟದ ಕಾಲಂಗೆ ಹಾಕುವ ಪುಸ್ತಕದಲ್ಲಿ ಆ ಮೂರು ವಾರದಿಂದ ಬಂದ ಮರಿಗಳಿಗೆ ಕಾಲಂ ಇಲ್ಲ.

ಇನ್ನು ಸುಧಾರಿತ ಕೋಳಿಗಳ ವಿಚಾರ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 1989ರಲ್ಲಿ ಗಿರಿರಾಜವನ್ನು ಹೊರತಂದರು. ಬಣ್ಣದ ಗರಿ, ದೊಡ್ಡ ಮೈ, ವರ್ಷಕ್ಕೆ 130ರಿಂದ 150 ಮೊಟ್ಟೆ. 2005ರಲ್ಲಿ ಅದಕ್ಕಿಂತ ಸ್ವಲ್ಪ ಹಗುರವಾದ, ಇನ್ನೂ ಹೆಚ್ಚು ಮೊಟ್ಟೆಯ ಸ್ವರ್ಣಧಾರ ಬಂತು. ಹೈದರಾಬಾದಿನಿಂದ ವನರಾಜ, ಗ್ರಾಮಪ್ರಿಯ ಬಂದವು, ಹೆಸರಘಟ್ಟದ ಕೇಂದ್ರ ಸರ್ಕಾರದ ಸಂಸ್ಥೆಯಿಂದ ಕಾವೇರಿ ಬಂತು. ಇವುಗಳ ಹಿಂದೆ ದುಡಿದವರ ಶ್ರಮವನ್ನು ನಾನು ಕಡೆಗಣಿಸುವುದಿಲ್ಲ. ಬೇಲಿ ಹಾಕಿದ ತೋಟದಲ್ಲಿ ಐವತ್ತು ನೂರು ಕೋಳಿ ಸಾಕಿ, ಆಹಾರ ಕೊಟ್ಟು, ಲಸಿಕೆ ಹಾಕಿಸಿ ಮಾರುವ ರೈತನಿಗೆ ಇವು ಆದಾಯ ಕೊಟ್ಟಿವೆ. ಅಂಥವರಿಗೆ ಅವು ಇರಲಿ.

ತಪ್ಪಾದದ್ದು ಅವನ್ನು ಜವಾರಿಯ ಜಾಗಕ್ಕೆ ತಂದು ನಿಲ್ಲಿಸಿದಾಗ. ಗಿರಿರಾಜ ಕಾವಿಗೆ ಕೂರುವುದು ಅಪರೂಪ. ಅದರ ಮೊಟ್ಟೆಯನ್ನು ಜವಾರಿ ಕೋಳಿಯ ಕೆಳಗಿಟ್ಟು ಮರಿ ಮಾಡಿದರೂ ಮಿಶ್ರತಳಿಯ ಗುಣ ಎರಡನೆಯ ತಲೆಮಾರಿನಲ್ಲಿ ಒಡೆದುಹೋಗುತ್ತದೆ. ಕರಪತ್ರದಲ್ಲಿ ಬರೆದ ತೂಕವೂ ಇರುವುದಿಲ್ಲ, ಮೊಟ್ಟೆಯೂ ಇರುವುದಿಲ್ಲ. ಇದು ವಿಜ್ಞಾನಿಗಳಿಗೆ ಗೊತ್ತಿರುವ ಸರಳ ತಳಿಶಾಸ್ತ್ರ, ಅದಕ್ಕೇ ಅವರು ಪ್ರತಿಸಲ ಹೊಸ ಮರಿ ತೆಗೆದುಕೊಳ್ಳಿ ಎನ್ನುತ್ತಾರೆ. ಅಂದರೆ ತನ್ನ ಕೋಳಿಯಿಂದಲೇ ಕೋಳಿ ಮಾಡಿಕೊಳ್ಳುತ್ತಿದ್ದ ಹೆಣ್ಣುಮಗಳು ಈಗ ಎರಡು ವರ್ಷಕ್ಕೊಮ್ಮೆ ಮರಿಗಾಗಿ ಅರ್ಜಿ ಹಿಡಿದು ನಿಲ್ಲಬೇಕು. ಮೂರು ನಾಲ್ಕು ಕಿಲೋ ಭಾರದ ಹಕ್ಕಿ ಗೋಡೆ ಹಾರಲಾರದು, ಮರದ ಮೇಲೆ ಕೂರಲಾರದು, ಬೀದಿನಾಯಿ ಬಂದಾಗ ಅದಕ್ಕೆ ದಾರಿಯಿಲ್ಲ. ಅದರ ಮೈಗೆ ಕೆದಕಿ ತಿಂದದ್ದು ಸಾಲದು, ಚೀಲದ ಆಹಾರ ಬೇಕು. ಐದಾರು ವಾರದ ಮರಿಗಳನ್ನು ಮಹಿಳೆಯರಿಗೆ ಹಂಚುವ ಯೋಜನೆಗಳಲ್ಲಿ ಮೊದಲ ವರ್ಷದ ಲೆಕ್ಕ ಸೊಗಸಾಗಿ ಕಾಣುತ್ತದೆ. ಮೂರನೆಯ ವರ್ಷ ಅದೇ ಹಿತ್ತಿಲಲ್ಲಿ ಎಷ್ಟು ಕೋಳಿ ಉಳಿದಿವೆ ಎಂದು ಹೋಗಿ ಎಣಿಸುವುದನ್ನು ಯೋಜನೆಯ ಭಾಗವಾಗಿ ಮಾಡಿದ್ದರೆ ಈ ವಾದ ಇಷ್ಟು ದಿನ ಬಾಳುತ್ತಿರಲಿಲ್ಲ.

ಇದಕ್ಕಿಂತ ದೊಡ್ಡ ಹಾನಿ ಇನ್ನೊಂದಿದೆ. ಹಂಚಿದ ಮರಿಗಳಲ್ಲಿ ಅರ್ಧ ಹುಂಜಗಳು. ಅವು ಕೇರಿಯ ಜವಾರಿ ಹ್ಯಾಟೆಗಳ ಜೊತೆ ಬೆರೆಯುತ್ತವೆ. ಅವುಗಳ ಮಕ್ಕಳಲ್ಲಿ ಕಾವಿನ ಗುಣ ಕುಗ್ಗುತ್ತದೆ, ಮೈ ಭಾರವಾಗುತ್ತದೆ, ಚುರುಕು ಹೋಗುತ್ತದೆ. ಲೆಗ್‌ಹಾರ್ನ್, ರೋಡ್ ಐಲೆಂಡ್ ರೆಡ್ ಹುಂಜಗಳನ್ನು ಹಳ್ಳಿಗೆ ಕೊಟ್ಟು ನಾಟಿ ಹುಂಜಗಳನ್ನು ತೆಗೆಸುವ ಕಾರ್ಯಕ್ರಮಗಳು ಸ್ವಾತಂತ್ರ್ಯ ಬಂದ ಮೊದಲ ದಶಕಗಳಲ್ಲೇ ನಡೆದವು. ಆಗ ಅದು ಅಭಿವೃದ್ಧಿ ಎನಿಸಿಕೊಂಡಿತ್ತು. ಹೀಗೆ ನೀರು ಬೆರೆಸುತ್ತ ಹೋದ ಮೇಲೆ ಉಳಿದದ್ದನ್ನು ತೋರಿಸಿ, ನೋಡಿ ಇದಕ್ಕೊಂದು ತಳಿಗುಣವೇ ಇಲ್ಲ ಎಂದು ಹೇಳುವುದು ನ್ಯಾಯವೆ?

ತಳಿಯೇ ಅಲ್ಲ ಎಂಬ ಮಾತು ಜವಾರಿ ಕೋಳಿಗಷ್ಟೇ ಅಲ್ಲ, ಜಾನುವಾರಿಗೂ ಹಳೆಯದು. ಮಲೆನಾಡು ಗಿಡ್ಡ ಎಂಬ ಹಸುವನ್ನು ಇಲಾಖೆಯ ಪುಸ್ತಕಗಳು ಎಷ್ಟೋ ಕಾಲ ಯಾವ ತಳಿಗೂ ಸೇರದ ಕುಳ್ಳ ದನ ಎಂದೇ ಲೆಕ್ಕ ಹಾಕಿದವು. ಹೊನ್ನಾಳಿ, ಚನ್ನಗಿರಿಯ ಅಂಚಿನಿಂದ ಘಟ್ಟದವರೆಗಿನ ರೈತರಿಗೆ ಅದು ಏನೆಂದು ಗೊತ್ತಿತ್ತು, ಕಾಗದಕ್ಕೆ ಗೊತ್ತಿರಲಿಲ್ಲ. ಕೊನೆಗೆ ಅಳೆದು, ಎಣಿಸಿ, ರಕ್ತ ಪರೀಕ್ಷಿಸಿ ನೋಡಿದಾಗ ಅದೊಂದು ಸ್ವತಂತ್ರ ತಳಿ ಎಂದು ಸಿದ್ಧವಾಯಿತು, 2012ರಲ್ಲಿ ನೋಂದಣಿಯಾಯಿತು. ಹಸು ಒಂದು ದಿನದಲ್ಲಿ ಬದಲಾಗಲಿಲ್ಲ, ನೋಡುವವರ ಕಣ್ಣು ಬದಲಾಯಿತು. ಈ ನೋಂದಣಿ ಮಾಡುವ ರಾಷ್ಟ್ರೀಯ ಪ್ರಾಣಿ ತಳಿ ಸಂಪನ್ಮೂಲ ಸಂಸ್ಥೆ 1984ರಲ್ಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ, ಮರುವರ್ಷ ಹರಿಯಾಣದ ಕರ್ನಾಲ್‌ಗೆ ಹೋಯಿತು. ಅದರ ಕೋಳಿಪಟ್ಟಿಯಲ್ಲಿ ಆಂಧ್ರದ ಜೊತೆ ಕರ್ನಾಟಕದ ಹೆಸರೂ ಇರುವ ತಳಿ ಘಾಗಸ್, ಕೋಲಾರದ ಕಡೆ ಅಲೆಮಾರಿ ಜನ ಸಾಕಿಕೊಂಡು ಬಂದದ್ದು. ತೆಲ್ಲಿಚೆರಿ, ಕಾಳಹಸ್ತಿ, ಡಂಕಿ, ಅಸೀಲ್, ಕಡಕ್‌ನಾಥ್, ನಿಕೋಬಾರಿ ಅದೇ ಪಟ್ಟಿಯಲ್ಲಿವೆ. ತುಂಗಭದ್ರೆಯ ದಂಡೆಯ ಕೋಳಿ, ಜಗಳೂರಿನ ಬಯಲುಸೀಮೆಯ ಕೋಳಿ ಏಕಿಲ್ಲ? ಅವು ತಳಿಯಲ್ಲವೆಂದು ಪರೀಕ್ಷಿಸಿ ತಿರಸ್ಕರಿಸಿದ್ದರಿಂದ ಅಲ್ಲ. ಮನೆಮನೆಗೆ ಹೋಗಿ ಅಳೆಯುವ ಕೆಲಸ ನಡೆಯಬೇಕಾದ ಮಟ್ಟಕ್ಕೆ ನಡೆಯದೇ ಇದ್ದದ್ದರಿಂದ.

ಕೇರಿಯಲ್ಲಿ ಕಣ್ಣಿಟ್ಟು ನೋಡಿದವರಿಗೆ ಈ ಕೋಳಿಗಳ ಬೆಲೆ ತಿಳಿಯುತ್ತದೆ. ಬೋಳುಕುತ್ತಿಗೆಯ ಕೋಳಿಯನ್ನೇ ತೆಗೆದುಕೊಳ್ಳಿ. ನೋಡಲು ಚೆಂದವಿಲ್ಲವೆಂದು ಮಕ್ಕಳು ಅದನ್ನು ಅಣಕಿಸುತ್ತಾರೆ. ಆ ಗುಣಕ್ಕೆ ಕಾರಣ ಒಂದೇ ಒಂದು ಪ್ರಬಲ ವಂಶವಾಹಿ. ಎರಡೂ ಕಡೆಯಿಂದ ಅದು ಬಂದ ಹಕ್ಕಿಯ ಮೈಮೇಲೆ ಗರಿ ಸುಮಾರು ಶೇ 40ರಷ್ಟು ಕಡಿಮೆ, ಹಾಗಾಗಿ ಮೈಯ ಶಾಖ ಬೇಗ ಹೊರಹೋಗುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ತಗಡಿನ ಶೆಡ್ಡಿನೊಳಗೆ ಬ್ರಾಯ್ಲರ್‌ಗಳು ಬಾಯಿ ತೆರೆದು ಏದುಸಿರು ಬಿಡುವಾಗ, ಫ್ಯಾನು, ತುಂತುರು ನೀರು ಎಂದು ಫಾರಂನವರು ಒದ್ದಾಡುವಾಗ, ಬೋಳುಕುತ್ತಿಗೆಯದು ಹುಣಸೆ ಮರದಡಿ ಕೆದಕಿಕೊಂಡಿರುತ್ತದೆ. ಫ್ರಾನ್ಸಿನವರು ತಮ್ಮ ಲಾಬೆಲ್ ರೂಜ್ ಗುಣಮಟ್ಟದ ಬಯಲು ಕೋಳಿಗಳಿಗೆ ಇದೇ ಬೋಳುಕುತ್ತಿಗೆಯ ರಕ್ತವನ್ನು ಆರಿಸಿಕೊಂಡಿದ್ದಾರೆ. ಗರಿ ಹಿಮ್ಮುಖವಾಗಿ ಸುರುಳಿ ಸುತ್ತಿದ ಕೋಳಿಯದೂ ಇದೇ ಕಥೆ, ಅದಕ್ಕೂ ಸೆಕೆ ತಡೆಯುವ ಶಕ್ತಿಯಿದೆ. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿರುವ ಕಾಲದಲ್ಲಿ ನಮ್ಮ ಸುಧಾರಣೆಯ ಹುಮ್ಮಸ್ಸು ಮೊದಲು ಅಳಿಸಿಹಾಕುತ್ತಿರುವುದು ಬಿಸಿಲು ತಡೆಯುವ ಗುಣಗಳನ್ನೇ.

ದಕ್ಷಿಣ ಭಾರತದ ಹಕ್ಕಿಯೊಂದು ಜಗತ್ತಿನ ಕೋಳಿಗಳಿಗೆ ಏನು ಕೊಟ್ಟಿದೆ ಎಂಬುದು ನಮ್ಮ ತರಬೇತಿಗಳಲ್ಲಿ ಯಾರೂ ಹೇಳದ ಸಂಗತಿ. ಎಲ್ಲ ಸಾಕುಕೋಳಿಗಳೂ ಕೆಂಪು ಕಾಡುಕೋಳಿಯಿಂದ ಬಂದವು ಎಂದು ಡಾರ್ವಿನ್ ಕಾಲದಿಂದ ನಂಬಲಾಗಿತ್ತು. ಆದರೆ ಫಾರಂ ಕೋಳಿಗಳ ಹಳದಿ ಚರ್ಮ, ಹಳದಿ ಕಾಲಿನ ಗುಣ ಬಂದದ್ದು ಅದರಿಂದಲ್ಲ, ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಇಂದಿಗೂ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ಸ್ವೀಡನ್ನಿನ ಉಪ್ಸಾಲದ ವಿಜ್ಞಾನಿಗಳು ತೋರಿಸಿಕೊಟ್ಟರು. ಅದೇ ವರ್ಷ ಅಮೆರಿಕದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ವಾಣಿಜ್ಯ ಕೋಳಿಗಳ ವಂಶವಾಹಿಯನ್ನು ಪರೀಕ್ಷಿಸಿ, ಪೂರ್ವಜ ತಳಿಗಳಲ್ಲಿದ್ದ ವೈವಿಧ್ಯದ ಅರ್ಧ ಅಥವಾ ಅದಕ್ಕೂ ಹೆಚ್ಚು ಅವುಗಳಲ್ಲಿ ಇಲ್ಲವಾಗಿದೆ ಎಂದಿತು. ಜಗತ್ತಿನ ಬ್ರಾಯ್ಲರ್ ಮೂಲತಳಿ ಇಂದು ಬೆರಳೆಣಿಕೆಯ ಕಂಪನಿಗಳ ಕೈಯಲ್ಲಿದೆ. ನಾಳೆ ಹೊಸದೊಂದು ರೋಗಕ್ಕೋ ಹೊಸದೊಂದು ಹವೆಗೋ ತಡೆಯುವ ಗುಣ ಬೇಕಾದಾಗ ಅದು ಆ ಕಂಪನಿಗಳ ಉಗ್ರಾಣದಲ್ಲಿ ಸಿಗದೇ ಹೋಗಬಹುದು. ಸಿಗುವುದಿದ್ದರೆ ಇಂಥ ಹಿತ್ತಿಲುಗಳಲ್ಲಿ.

ಉಳಿಸಬೇಕಾದ ತಳಿಗಳನ್ನು ಸರ್ಕಾರಿ ಫಾರಂನಲ್ಲಿ ಇಟ್ಟರಾಯಿತಲ್ಲ, ಹಳ್ಳಿಯಲ್ಲೇ ಏಕೆ ಎಂದು ಕೇಳುವವರಿಗೆ ಉತ್ತರ ಹೆಸರಘಟ್ಟದಲ್ಲಿದೆ. 2012ರ ಅಕ್ಟೋಬರಿನಲ್ಲಿ ಅಲ್ಲಿನ ಕೇಂದ್ರ ಕೋಳಿ ಅಭಿವೃದ್ಧಿ ಸಂಸ್ಥೆಯ ಟರ್ಕಿಗಳಿಗೆ ಹಕ್ಕಿಜ್ವರ ತಗುಲಿತು. ದೇಶದಲ್ಲೇ ಹೆಸರಾದ ಆ ಸಂಸ್ಥೆಯ ಪಕ್ಷಿ ಸಂಕುಲವನ್ನು ಕೊಂದು ಹೂಳಬೇಕಾಯಿತು. ವರ್ಷಗಟ್ಟಲೆ ಆರಿಸಿ ಬೆಳೆಸಿದ್ದೆಲ್ಲ ಕೆಲವೇ ದಿನಗಳಲ್ಲಿ ಮುಗಿಯಿತು. 2020ರ ಮಾರ್ಚಿನಲ್ಲಿ ಹಕ್ಕಿಜ್ವರ ನಮ್ಮ ಬಾಗಿಲಿಗೇ ಬಂತು, ಹರಿಹರ ತಾಲ್ಲೂಕಿನ ಬನ್ನಿಕೋಡಿಗೆ. ನಿಯಮದಂತೆ ರೋಗ ಕಂಡ ಜಾಗದ ಸುತ್ತ ಒಂದು ಕಿಲೋಮೀಟರ್‌ವರೆಗಿನ ಕೋಳಿಗಳನ್ನು ಕೊಲ್ಲಬೇಕು. ರೋಗ ಬಂದ ಫಾರಂ ಕೋಳಿಯ ಜೊತೆ ಪಕ್ಕದ ಓಣಿಯ ಹಿತ್ತಿಲ ಕೋಳಿಯೂ ಹೋಗುತ್ತದೆ. ಕಟ್ಟುನಿಟ್ಟು ಬೇಕು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಫಾರಂನವರು ತಿಂಗಳೊಪ್ಪತ್ತು ಬಿಟ್ಟು ಹೊಸ ಮರಿ ತರಿಸುತ್ತಾರೆ. ಆ ಓಣಿಯ ಜವಾರಿ ಸಂತಾನವನ್ನು ಎಲ್ಲಿಂದ ತರಿಸುವುದು? ಒಂದೇ ಕಡೆ ಕೂಡಿಹಾಕಿದ ತಳಿ ಒಂದೇ ಏಟಿಗೆ ಹೋಗುತ್ತದೆ. ನೂರು ಊರಿನ ಸಾವಿರ ಹಿತ್ತಿಲಲ್ಲಿ ಹರಡಿಕೊಂಡದ್ದು ಉಳಿಯುತ್ತದೆ. ಬಯಲಲ್ಲಿ ತಿರುಗುವ ಕೋಳಿಯಿಂದಲೇ ಹಕ್ಕಿಜ್ವರ ಎಂದು ಹೆದರಿಸುವವರು, ಸಾವಿರಾರು ಒಂದೇ ರಕ್ತದ ಹಕ್ಕಿಗಳನ್ನು ಒಂದೇ ಸೂರಿನಡಿ ಒತ್ತೊತ್ತಾಗಿ ಇಟ್ಟಾಗ ವೈರಸ್ಸಿಗೆ ಸಿಗುವ ಅನುಕೂಲವನ್ನೂ ಜೊತೆಗೇ ಹೇಳಬೇಕು.

ಜವಾರಿ ಕೋಳಿಯ ನಿಜವಾದ ಶತ್ರು ಅದರ ತಳಿಯಲ್ಲ, ಕೊಕ್ಕರೆ ರೋಗ. ರಾಣಿಖೇತ್ ಎಂದು ಪುಸ್ತಕದಲ್ಲಿ ಬರೆಯುತ್ತಾರೆ, 1920ರ ದಶಕದ ಕೊನೆಗೆ ಹಿಮಾಲಯದ ತಪ್ಪಲಿನ ಆ ಊರಿನಲ್ಲಿ ಗುರುತಿಸಿದ್ದರಿಂದ. ಬೇಸಿಗೆ ಕಾಲಿಟ್ಟಾಗ ಊರಿಗೆ ಊರೇ ಕೋಳಿ ಖಾಲಿಯಾಗುವುದನ್ನು ನಮ್ಮ ಕಡೆ ಎಲ್ಲರೂ ನೋಡಿದ್ದಾರೆ. ಕತ್ತು ತಿರುಚಿಕೊಂಡು, ಹಸಿರು ಬಣ್ಣದ ಕಕ್ಕ ಹಾಕುತ್ತ, ಬೆಳಗಾಗುವುದರೊಳಗೆ ಹತ್ತರಲ್ಲಿ ಎಂಟು ಸತ್ತಿರುತ್ತವೆ. ಮರಿ ಬದುಕುವುದಿಲ್ಲ, ನಾಟಿ ಲಾಭವಿಲ್ಲ ಎನ್ನುವ ಮಾತಿನ ಬಹುಪಾಲು ಕಾರಣ ಈ ಒಂದು ರೋಗ. ಇದಕ್ಕೆ ಲಸಿಕೆಯಿದೆ, ಬೆಲೆಯೂ ಕಡಿಮೆ. ಆದರೆ ಅದು ಬರುವುದು ನೂರು, ಇನ್ನೂರು, ಐನೂರು ಡೋಸಿನ ಸೀಸೆಯಲ್ಲಿ, ತಣ್ಣಗಿರಬೇಕು, ಕಲಸಿದ ಮೇಲೆ ಒಂದೆರಡು ತಾಸಿನಲ್ಲಿ ಮುಗಿಸಬೇಕು. ಎಂಟು ಕೋಳಿ ಸಾಕಿದವಳು ಇನ್ನೂರು ಡೋಸಿನ ಸೀಸೆಯನ್ನು ಏನು ಮಾಡುತ್ತಾಳೆ? ಫಾರಂನವನಿಗೆ ಒಂದು ಗಂಟೆಯ ಕೆಲಸವಾದದ್ದು ಅವಳಿಗೆ ಸಾಧ್ಯವೇ ಇಲ್ಲ. ತೊಡಕು ಸೀಸೆಯ ಅಳತೆಯಲ್ಲಿದೆ, ದೋಷಿ ಮಾತ್ರ ಕೋಳಿ.

ಆಫ್ರಿಕದ ಹಳ್ಳಿಗಳು ಇದಕ್ಕೆ ದಾರಿ ಕಂಡುಕೊಂಡಿವೆ. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಸ್ಪ್ರಾಡ್‌ಬ್ರೋ ಅವರ ತಂಡ ಐ-2 ಎಂಬ, ಸೆಕೆ ತಡೆಯುವ ರಾಣಿಖೇತ್ ಲಸಿಕೆಯನ್ನು ರೂಪಿಸಿತು. ಸಣ್ಣ ರೈತರಿಗೆಂದೇ ಮಾಡಿದ ಲಸಿಕೆ ಅದು. ಮೊಜಾಂಬಿಕ್, ತಾಂಜಾನಿಯದಲ್ಲಿ ಊರಿನವರೇ ತರಬೇತಿ ಪಡೆದು, ವರ್ಷದಲ್ಲಿ ಗೊತ್ತಾದ ತಿಂಗಳುಗಳಲ್ಲಿ ಮನೆಮನೆಗೆ ಹೋಗಿ ಕೋಳಿಯ ಕಣ್ಣಿಗೆ ಒಂದು ಹನಿ ಹಾಕಿ ಬರುತ್ತಾರೆ. ಕೋಳಿ ಬದಲಾಯಿಸಲಿಲ್ಲ, ಲಸಿಕೆ ತಲುಪುವ ದಾರಿಯನ್ನು ಬದಲಾಯಿಸಿದರು. ನಮ್ಮಲ್ಲಿ ಊರಿನ ಜಾನುವಾರು ನೋಡಿಕೊಳ್ಳಲು ತರಬೇತಿ ಪಡೆದ ಪಶುಸಖಿಯರಿದ್ದಾರೆ, ಸ್ವಸಹಾಯ ಸಂಘಗಳಿವೆ, ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರವಿದೆ, ಪಶು ಆಸ್ಪತ್ರೆಗಳಿವೆ. ಬೇಸಿಗೆಗೆ ಮೊದಲು ಒಂದು, ದಸರೆಗೆ ಮೊದಲು ಒಂದು ದಿನ ಗೊತ್ತುಮಾಡಿ, ಆ ದಿನ ಇಡೀ ಓಣಿಯ ಕೋಳಿಗಳಿಗೆ ಒಂದೇ ಸೀಸೆಯಿಂದ ಲಸಿಕೆ ಹಾಕಿದರೆ ಸೀಸೆ ವ್ಯರ್ಥವಾಗುವುದಿಲ್ಲ, ಬದುಕುಳಿಯುವ ಮರಿಗಳ ಸಂಖ್ಯೆ ಏರುತ್ತದೆ. ಹೊಸ ತಳಿಯ ಮರಿ ಹಂಚಲು ಮಾಡುವ ಖರ್ಚಿನ ಒಂದು ಪಾಲು ಇದಕ್ಕೆ ಸಾಕು. ಮರಿ ಹಂಚಿದರೆ ಫೋಟೋ ಬರುತ್ತದೆ, ಲಸಿಕೆ ಹಾಕಿದರೆ ಕೋಳಿ ಉಳಿಯುತ್ತದೆ.

ಈ ಕೋಳಿ ಯಾರ ಆಸ್ತಿ ಎಂಬುದನ್ನೂ ನೋಡಬೇಕು. ಹೊಲ ಗಂಡನ ಹೆಸರಿನಲ್ಲಿ, ಎತ್ತು ಗಂಡನದು, ಮೆಕ್ಕೆಜೋಳ ಮಾರಿದ ಹಣ ಅವನ ಕೈಗೆ. ಹಿತ್ತಿಲ ಕೋಳಿ ಮಾತ್ರ ಹೆಂಗಸಿನದು. ಮಗುವಿನ ಪುಸ್ತಕಕ್ಕೆ, ತವರಿಗೆ ಹೋಗುವ ಬಸ್ಸಿಗೆ, ತನ್ನ ಔಷಧಕ್ಕೆ ಅವಳು ಯಾರನ್ನೂ ಕೇಳದೆ ಮಾರಬಹುದಾದ ಒಂದೇ ಜೀವ. ಕೋಳಿಯಿಲ್ಲದ ನೆರೆಯವಳಿಗೆ ಒಂದು ಹ್ಯಾಟೆಯನ್ನು ಪಾಲಿಗೆ ಕೊಡುವ ಪದ್ಧತಿ ನಮ್ಮಲ್ಲಿದೆ. ಸಾಕುವವಳು ಒಬ್ಬಳು, ಕೋಳಿ ಇನ್ನೊಬ್ಬಳದು, ಮರಿಗಳಲ್ಲಿ ಸಮಪಾಲು. ಬಂಡವಾಳವಿಲ್ಲದ ವಿಧವೆಗೆ ಈ ಪಾಲಿನಿಂದ ಒಂದು ವರ್ಷದಲ್ಲಿ ಸ್ವಂತ ಹಿಂಡು ಆಗುತ್ತದೆ. ತಳಿಯೂ ಮನೆಯಿಂದ ಮನೆಗೆ ಹರಡಿ ಭದ್ರವಾಗುತ್ತದೆ. ಕಾವು ಕೂರದ ಕೋಳಿಯನ್ನು ಪಾಲಿಗೆ ಕೊಡಲಾಗುವುದಿಲ್ಲ, ಏಕೆಂದರೆ ಪಾಲು ಮಾಡಲು ಮರಿಯೇ ಇಲ್ಲ. ಇಷ್ಟು ದೊಡ್ಡ ಸಾಮಾಜಿಕ ವ್ಯವಸ್ಥೆಯೊಂದು ಆ ಕಾವಿನ ಮೇಲೆ ನಿಂತಿದೆ. ಸುಧಾರಣೆ ಮಾಡಹೊರಟವರು ಅದನ್ನು ಕೇಳಿಯೂ ನೋಡಲಿಲ್ಲ.

2019ರ ಜಾನುವಾರು ಗಣತಿಯಲ್ಲಿ ಒಂದು ಅಂಕಿಯಿದೆ. ದೇಶದ ಒಟ್ಟು ಕೋಳಿ ಸಂಖ್ಯೆ 85 ಕೋಟಿ ದಾಟಿತು. ಹಿಂದಿನ ಗಣತಿಗಿಂತ ಫಾರಂ ಕೋಳಿ ಏರಿದ್ದು ಶೇ 4.5ರಷ್ಟು, ಹಿತ್ತಿಲ ಕೋಳಿ ಏರಿದ್ದು ಶೇ 45ಕ್ಕೂ ಹೆಚ್ಚು, 31 ಕೋಟಿ 70 ಲಕ್ಷಕ್ಕೆ. ಹಿತ್ತಿಲ ಕೋಳಿಯ ಕಾಲ ಮುಗಿಯಿತು ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಡ. ಇದು ಸುಧಾರಿತ ತಳಿಗಳ ಗೆಲುವು ಎಂದು ಕೆಲವರು ಹೇಳುತ್ತಾರೆ. ಒಂದು ಪಾಲು ಇರಬಹುದು. ಹಾಗಿದ್ದರೆ ಜವಾರಿ ರಕ್ತಕ್ಕೆ ಅಪಾಯ ನಾನು ಹೇಳಿದ್ದಕ್ಕಿಂತ ಹತ್ತಿರದಲ್ಲಿದೆ.

ಪೇಟೆಯ ಪ್ರೀತಿಯೂ ಈ ಕೋಳಿಯನ್ನು ಕಾಪಾಡುತ್ತಿಲ್ಲ. ದಾವಣಗೆರೆಯ ಪಿ.ಬಿ. ರಸ್ತೆಯ ಉದ್ದಕ್ಕೂ ಜವಾರಿ ಕೋಳಿ ಸಾರು, ಮುದ್ದೆ, ರೊಟ್ಟಿ ಎಂಬ ಫಲಕಗಳು. ಬಣ್ಣದ ಗರಿಯ ಯಾವ ಮಿಶ್ರತಳಿಯನ್ನಾದರೂ, ಮೊಟ್ಟೆ ಮುಗಿದ ಫಾರಂ ಕೋಳಿಯನ್ನಾದರೂ ಜವಾರಿ ಎಂದು ಮಾರಿದರೆ ಕೇಳುವವರಿಲ್ಲ. ಹೆಚ್ಚು ಹಣ ಕೊಟ್ಟವನಿಗೂ ಮೋಸ, ನಿಜವಾದ ಜವಾರಿ ಸಾಕಿದವಳಿಗೂ ಮೋಸ. ಫ್ರಾನ್ಸಿನವರು ಬ್ರೆಸ್ ಪ್ರಾಂತದ ಕೋಳಿಗೆ 1957ರಲ್ಲೇ ಕಾನೂನಿನ ರಕ್ಷಣೆ ಕೊಟ್ಟರು, ಆ ಹೆಸರಿನಲ್ಲಿ ಬೇರೆ ಕೋಳಿ ಮಾರುವಂತಿಲ್ಲ. ಜಪಾನಿನಲ್ಲಿ ನಾಟಿ ಎಂದು ಮುದ್ರೆ ಹಾಕಬೇಕಾದರೆ ಹಕ್ಕಿಯಲ್ಲಿ ಕನಿಷ್ಠ ಅರ್ಧ ಸ್ಥಳೀಯ ರಕ್ತ ಇರಬೇಕು, ಇಷ್ಟು ದಿನ ಬೆಳೆದಿರಬೇಕು ಎಂಬ ನಿಯಮವಿದೆ. ಶ್ರೀಮಂತ ದೇಶಗಳು ತಮ್ಮ ನಿಧಾನದ ಕೋಳಿಯನ್ನು ಹೀಗೆ ಕಾಯ್ದುಕೊಂಡಿರುವಾಗ ನಾವು ನಮ್ಮದನ್ನು ನಾಚಿಕೆಯ ವಸ್ತುವೆಂದು ನೋಡುತ್ತಿದ್ದೇವೆ.

ಅಪರೂಪದ ತಳಿ ಸಾಕಬೇಕೆನ್ನುವ ಯುವಕರ ಉತ್ಸಾಹವೂ ದಾರಿ ತಪ್ಪಿದೆ. ಕಡಕ್‌ನಾಥ್ ಒಳ್ಳೆಯ ಕೋಳಿ. ಮಧ್ಯಪ್ರದೇಶದ ಝಾಬುವಾದ ಭಿಲ್ ಜನರ ಆಸ್ತಿ ಅದು, 2018ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಅದು ಅಲ್ಲಿ ಬೆಳೆಯಲಿ, ಅವರಿಗೆ ಹಣ ತರಲಿ. ಆದರೆ ಅದರ ಕಪ್ಪು ಮಾಂಸಕ್ಕೆ ಸರ್ವರೋಗ ನಿವಾರಣೆಯ ಗುಣ ಕಟ್ಟಿ, ಮೊಟ್ಟೆಗೆ ಇಷ್ಟು ಮರಿಗೆ ಅಷ್ಟು ಎಂದು ಬೆಲೆ ಏರಿಸಿ ನಡೆಸಿದ ವ್ಯಾಪಾರದ ಗತಿ ಏನಾಯಿತೆಂದು ಗಡಿಯಾಚೆಯ ಸಾಂಗ್ಲಿ, ಕೊಲ್ಲಾಪುರದ ರೈತರನ್ನು ಕೇಳಬೇಕು. 2019ರಲ್ಲಿ ಅಲ್ಲಿ ಕಡಕ್‌ನಾಥ್ ಹೂಡಿಕೆಯ ಹೆಸರಿನಲ್ಲಿ ಸಾವಿರಾರು ಕುಟುಂಬಗಳು ಹಣ ಕಳೆದುಕೊಂಡವು. ಅದಕ್ಕೂ ಮೊದಲು ತಮಿಳುನಾಡಿನ ಎಮು ಫಾರಂಗಳು 2012ರಲ್ಲಿ ಕುಸಿದು ಹಕ್ಕಿಗಳು ಹಸಿವಿನಿಂದ ಸತ್ತವು. ಎರಡರಲ್ಲೂ ಲಾಭ ಬರಬೇಕಿದ್ದದ್ದು ಮುಂದಿನ ಸಾಕಣೆದಾರನಿಗೆ ಮರಿ ಮಾರಿ, ತಿನ್ನುವವನಿಗೆ ಮಾಂಸ ಮಾರಿ ಅಲ್ಲ. ಅಪರೂಪದ್ದು ಬೇಕೆಂದು ಸಾವಿರ ಕಿಲೋಮೀಟರ್ ದೂರದಿಂದ ಮರಿ ತರಿಸುವ ಹುಡುಗನ ಅಜ್ಜಿಯ ಮನೆಯಲ್ಲಿ, ಹುಟ್ಟಿದ ಮೂವತ್ತು ಮರಿಯಲ್ಲಿ ಒಂದೆರಡು ಬೋಳುಕುತ್ತಿಗೆಯವು ಓಡಾಡುತ್ತಿರಬಹುದು. ನಿಜಕ್ಕೂ ಅಪರೂಪವಾಗುತ್ತಿರುವುದು ಅವು.

ಸಾಕುವವರಿಗೂ ಹೇಳಬೇಕಾದ ಒಂದು ಕಠಿಣ ಮಾತಿದೆ. ಎರಡು ವರ್ಷಕ್ಕೊಮ್ಮೆ ದಾವಣಗೆರೆಯ ದುಗ್ಗಮ್ಮನ ಜಾತ್ರೆ ಬರುತ್ತದೆ, ಊರೂರಿನ ಮಾರಿಹಬ್ಬ ಬರುತ್ತದೆ. ಆಗ ಮೊದಲು ಹೋಗುವುದು ಯಾವ ಹುಂಜ? ಎತ್ತರದ್ದು, ಮೈತುಂಬಿದ್ದು, ಜುಟ್ಟು ಕೆಂಪೇರಿದ್ದು, ಬೇಗ ಬೆಳೆದದ್ದು. ಉಳಿದುಕೊಳ್ಳುವ ಕುಂಟ, ಕುಳ್ಳ ಹುಂಜವೇ ಮುಂದಿನ ವರ್ಷದ ತಂದೆ. ತಲೆಮಾರಿನಿಂದ ತಲೆಮಾರಿಗೆ ಕೀಳಾದದ್ದನ್ನೇ ಆರಿಸುವ ಈ ಪದ್ಧತಿ ಜವಾರಿಯ ಮೈ ಕುಗ್ಗಲು ದೊಡ್ಡ ಕಾರಣ. ಇದನ್ನು ಸರಿಪಡಿಸಲು ವಿದೇಶಿ ರಕ್ತ ಬೇಕಿಲ್ಲ. ಓಣಿಯ ಒಳ್ಳೆಯ ಹುಂಜ ಒಂದನ್ನು ಮಾರದೆ ಇಟ್ಟುಕೊಳ್ಳುವುದು, ವರ್ಷ ಎರಡು ವರ್ಷಕ್ಕೊಮ್ಮೆ ಅದನ್ನು ಬೇರೆ ಊರಿನ ಹುಂಜದ ಜೊತೆ ಬದಲಾಯಿಸಿ ಒಂದೇ ರಕ್ತದ ಸಂಕರ ತಪ್ಪಿಸುವುದು, ಯಾವ ಹ್ಯಾಟೆ ಹೆಚ್ಚು ಮರಿ ದಡ ಮುಟ್ಟಿಸುತ್ತದೋ ಅದರ ಮಕ್ಕಳನ್ನೇ ತಾಯಿಯಾಗಿ ಉಳಿಸಿಕೊಳ್ಳುವುದು, ಇಷ್ಟು ಸಾಕು. ಹೈದರಾಬಾದಿನ ಕೋಳಿ ಸಂಶೋಧನಾ ನಿರ್ದೇಶನಾಲಯ ಅಸೀಲ್, ಘಾಗಸ್‌ಗಳನ್ನು ತನ್ನಲ್ಲಿಟ್ಟು ಶುದ್ಧವಾಗಿ ಬೆಳೆಸುತ್ತಿದೆ. ತಳಿಯೊಳಗೇ ಆರಿಸಿ ಗುಣ ಹೆಚ್ಚಿಸುವ ವಿದ್ಯೆ ನಮ್ಮ ದೇಶಕ್ಕೆ ಗೊತ್ತಿಲ್ಲದ್ದಲ್ಲ. ನಮ್ಮ ಜಿಲ್ಲೆಯ ಕೋಳಿಗೆ ಅದನ್ನು ಮಾಡಲು ಮನಸ್ಸು ಬರಬೇಕು.

ಆದ್ದರಿಂದ ಪಶುಸಂಗೋಪನಾ ಇಲಾಖೆಗೂ ಪಶುವೈದ್ಯ ವಿಶ್ವವಿದ್ಯಾಲಯಕ್ಕೂ ನನ್ನ ಒತ್ತಾಯ ಸ್ಪಷ್ಟವಾಗಿದೆ. ದಾವಣಗೆರೆ, ಹರಿಹರ, ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ಆರೂ ತಾಲ್ಲೂಕುಗಳ ಜವಾರಿ ಕೋಳಿಗಳನ್ನು ಮನೆಮನೆಗೆ ಹೋಗಿ ಅಳೆಯಿರಿ, ದಾಖಲಿಸಿ, ತಳಿಯೋ ಅಲ್ಲವೋ ಎಂಬುದನ್ನು ಆಮೇಲೆ ಹೇಳಿ. ಆ ಕೆಲಸ ಮುಗಿಯುವವರೆಗೆ ಜವಾರಿ ಉಳಿದಿರುವ ಹಳ್ಳಿಗಳಿಗೆ ಮಿಶ್ರತಳಿಯ ಹುಂಜ ಹಂಚುವುದನ್ನು ನಿಲ್ಲಿಸಿ. ಮರಿಯ ಬದಲು ಲಸಿಕೆ ಕೊಡಿ. ಆನೆಕೊಂಡದ, ಬೇತೂರಿನ, ಕೊಂಡಜ್ಜಿಯ ಹೆಣ್ಣುಮಕ್ಕಳಲ್ಲಿ ನನ್ನ ವಿನಂತಿ ಇನ್ನೂ ಚಿಕ್ಕದು: ಈ ಸಲ ಹಬ್ಬಕ್ಕೆ ಗಿರಾಕಿ ಎಷ್ಟೇ ಹಣ ಎಣಿಸಿದರೂ ನಿಮ್ಮ ಒಳ್ಳೆಯ ಹುಂಜವನ್ನೂ ಕಾವಿಗೆ ಕೂರುವ ಹ್ಯಾಟೆಯನ್ನೂ ಮಾರಬೇಡಿ.